ಕಡ್ಡಿಗೆ ಬೇರು ಬರಿಸಲು ನೀರೋ, ಮರಳೋ, ತೆಂಗಿನ ನಾರಿನ ಪುಡಿಯೋ?

ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದಕ್ಕೆ ನೀರು ತುಂಬಿ ಮನಿ ಪ್ಲಾಂಟ್ ಇಳಿಬಿಡದ ಮನೆ ಬೆಂಗಳೂರಿನಲ್ಲಿ ಅಪರೂಪವೆಂದೇ ಹೇಳಬೇಕು. ಆ ಬಾಟಲಿ ತಂದುಕೊಡುವ ಸುಲಭದ ಗೆಲುವೇ ಮುಂದಿನ ಹಲವು ಸೋಲುಗಳಿಗೆ ಮೂಲವಾಗುತ್ತದೆ. ಮನಿ ಪ್ಲಾಂಟಿನ ಪ್ರತಿ ಗೆಣ್ಣಿನಲ್ಲೂ ಬೇರಿನ ಮೊಳಕೆ ಮೊದಲೇ ಸಿದ್ಧವಾಗಿ ಕುಳಿತಿರುವುದರಿಂದ ಅದು ಯಾವ ನೀರಿನಲ್ಲಾದರೂ ಬೇರು ಬಿಡುತ್ತದೆ. ಅದನ್ನು ನೋಡಿ ಧೈರ್ಯ ಬಂದು ಗುಲಾಬಿ, ಬೋಗನ್‌ವಿಲ್ಲಾ, ದಾಸವಾಳದ ಕಡ್ಡಿಗಳನ್ನೂ ಅದೇ ಬಾಟಲಿಗೆ ಹಾಕಿದವರಿಗೆ ಮೂರನೆಯ ವಾರದ ಹೊತ್ತಿಗೆ ಸಿಗುವುದು ಕಪ್ಪಗೆ ಲೋಳೆಗಟ್ಟಿದ ಬುಡ ಮತ್ತು ವಾಸನೆ.

ಮನೆಯೊಳಗೆ ಕಡ್ಡಿಗಳಿಗೆ ಬೇರು ಬರಿಸಿಕೊಳ್ಳುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ: ಬರಿಯ ನೀರು, ಮರಳು, ಕೊಕೊಪೀಟ್ ಎಂದು ನರ್ಸರಿಗಳಲ್ಲಿ ಸಿಗುವ ತೆಂಗಿನ ನಾರಿನ ಪುಡಿ, ಮತ್ತು ಈಚೆಗೆ ಆನ್‌ಲೈನಿನಲ್ಲಿ ಸಿಗುತ್ತಿರುವ, ಪಂಪಿನಿಂದ ಬುಡಕ್ಕೆ ನೀರು ಚಿಮ್ಮಿಸುವ ಯಂತ್ರ. ಇವುಗಳಲ್ಲಿ ಯಾವುದು ಬೇಗ ಬೇರು ಬರಿಸುತ್ತದೆ ಎಂದು ಕೇಳುವುದು ವಾಡಿಕೆ. ಬಂದ ಬೇರು ಕುಂಡದ ಮಣ್ಣಿಗೆ ಹೋದ ಮೇಲೆ ಹದಿನೈದು ದಿನ ಬದುಕುತ್ತದೆಯೇ ಎಂದು ಕೇಳಿಕೊಂಡು ಆರಿಸಿದರೆ ಆಯ್ಕೆಯೇ ಬದಲಾಗುತ್ತದೆ ಎಂಬುದು ಹಲವು ಕಡ್ಡಿಗಳನ್ನು ಕೊಳೆಸಿದ ಮೇಲೆ ನನಗೆ ಮನವರಿಕೆಯಾದ ಮಾತು.

ಬುಡದಲ್ಲಿ ನಡೆಯುವುದೇನು

ತಾಯಿಗಿಡದಿಂದ ಬೇರ್ಪಟ್ಟ ಕಡ್ಡಿಗೆ ನೀರು ಹೀರುವ ಬೇರಿಲ್ಲ, ಆದರೆ ಎಲೆಗಳಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ. ಆದ್ದರಿಂದ ಬುಡದಲ್ಲಿ ಸದಾ ತೇವವಿರಬೇಕು. ಅದೇ ಹೊತ್ತಿನಲ್ಲಿ, ಕತ್ತರಿಸಿದ ಗಾಯ ಮಾಗಿ ಹೊಸ ಬೇರಿನ ಕೋಶಗಳು ಹುಟ್ಟಲು ಬುಡವು ಉಸಿರಾಡಲೂ ಬೇಕು. ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರಬಹುದಾದ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅಷ್ಟೇ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗೂ ಹೆಚ್ಚು ಆಮ್ಲಜನಕ ಇರುತ್ತದೆ. ತೇವವನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುವುದರಲ್ಲಿ ಯಾವುದು ಎಷ್ಟು ಜಾಣ ಎಂಬುದೇ ಈ ನಾಲ್ಕರ ನಡುವಿನ ವ್ಯತ್ಯಾಸ. ಗೊಬ್ಬರದ ಮಾತು ಇಲ್ಲಿ ಬರುವುದೇ ಇಲ್ಲ. ಬೇರಿಲ್ಲದ ಕಡ್ಡಿಗೆ ಎರೆಗೊಬ್ಬರ ಹಾಕುವುದು ಹಲ್ಲಿಲ್ಲದವನಿಗೆ ಕಡಲೆ ಕೊಟ್ಟ ಹಾಗೆ. ಕಡಲೆಯಾದರೆ ಸುಮ್ಮನೆ ಬಿದ್ದಿರುತ್ತದೆ, ಗೊಬ್ಬರ ಬುಡದ ಸುತ್ತ ಶಿಲೀಂಧ್ರವನ್ನು ಬೆಳೆಸುತ್ತದೆ.

ನೀರು

ನೀರಿನ ದೊಡ್ಡ ಅನುಕೂಲವೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೊದಲ ವಾರ ತೊಗಟೆಯ ಮೇಲೆ ರವೆಯಷ್ಟು ಬಿಳಿಯ ಗುಳ್ಳೆಗಳು ಏಳುತ್ತವೆ. ಇವು ಬೇರುಗಳೆಂದು ಸಂಭ್ರಮಪಡುವಂತಿಲ್ಲ; ತೊಗಟೆಯ ಉಸಿರಾಟದ ರಂಧ್ರಗಳು ಊದಿಕೊಂಡಿರುತ್ತವೆ, ಅಷ್ಟೆ. ನಿಜವಾದ ಬೇರು ಅಲ್ಲಿಂದಲೋ, ಗೆಣ್ಣಿನ ಪಕ್ಕದಿಂದಲೋ, ಕತ್ತರಿಸಿದ ಅಂಚಿನಿಂದಲೋ ಸೂಜಿಯ ಮೊನೆಯಂತೆ ಹೊರಡುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ತೋರಿಸುವುದಕ್ಕಾದರೂ ಒಂದು ಗಾಜಿನ ಲೋಟ ಕಿಟಕಿಯಲ್ಲಿರಲಿ ಎಂದು ನಾನು ಹೇಳುವೆ. ಪುದೀನ, ದೊಡ್ಡಪತ್ರೆ, ತುಳಸಿಯ ಎಳೆಯ ಕುಡಿ, ಮನಿ ಪ್ಲಾಂಟ್, ವೀಳ್ಯದ ಬಳ್ಳಿ ಇವೆಲ್ಲ ನೀರಿನಲ್ಲಿ ಒಂದೆರಡು ವಾರದೊಳಗೆ ಬೇರು ಬಿಡುತ್ತವೆ. ಪುದೀನಕ್ಕಂತೂ ಐದಾರು ದಿನ ಸಾಕು.

ತೊಂದರೆ ಶುರುವಾಗುವುದು ಆಮೇಲೆ. ನೀರಿನಲ್ಲಿ ಹುಟ್ಟಿದ ಬೇರು ನೀರಿಗೆ ತಕ್ಕಂತೆ ಬೆಳೆದಿರುತ್ತದೆ: ಬಿಳಿಯದು, ನುಣುಪಾದದ್ದು, ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವ ಸೂಕ್ಷ್ಮ ರೋಮಗಳು ಕಡಿಮೆ ಇರುವಂಥದ್ದು. ಒಂದು ಬೇಸಿಗೆಯಲ್ಲಿ ಎಂಟು ದಾಸವಾಳದ ಕಡ್ಡಿಗಳಿಗೆ ನೀರಿನಲ್ಲೇ ಗೇಣುದ್ದದ ಬೇರು ಬರಿಸಿ ನಾನು ಬಹಳ ಹೆಮ್ಮೆಪಟ್ಟಿದ್ದೆ. ಲೋಟದಿಂದ ಮೇಲೆತ್ತುತ್ತಿದ್ದಂತೆ ಆ ಬೇರುಗಳೆಲ್ಲ ಬೆಂದ ಶ್ಯಾವಿಗೆಯ ಹಾಗೆ ಒಂದಕ್ಕೊಂದು ಅಂಟಿ ಒಂದೇ ಜಡೆಯಾದವು. ಮಣ್ಣು ಹಾಕಿ ಬೆರಳಿನಿಂದ ಅದುಮಿದಾಗ ಒಳಗೆ ಪುಟ್ಟ ಪುಟ್ಟದಾಗಿ ಮುರಿದದ್ದು ಬೆರಳಿಗೇ ಗೊತ್ತಾಯಿತು. ಎಂಟರಲ್ಲಿ ಎರಡು ಉಳಿದವು. ಈಗ ಬೇರು ಎರಡು ಮೂರು ಸೆಂಟಿಮೀಟರ್ ಆಗುತ್ತಿದ್ದಂತೆಯೇ ಕಡ್ಡಿಯನ್ನು ನೀರಿನಿಂದ ಬಿಡಿಸುತ್ತೇನೆ, ಮತ್ತು ಮೊದಲ ವಾರ ಕುಂಡದ ಮಿಶ್ರಣವನ್ನು ಎಂದಿಗಿಂತ ಹೆಚ್ಚು ತೇವವಾಗಿಟ್ಟು ನಿಧಾನವಾಗಿ ಕಡಿಮೆ ಮಾಡುತ್ತೇನೆ. ಹೀಗೆ ಮಾಡಿದರೆ ನಷ್ಟ ಬಹಳ ತಗ್ಗುತ್ತದೆ. ಕೊನೆಯವರೆಗೂ ನೀರಿನಲ್ಲೇ ಇರುವ ಗಿಡಕ್ಕೆ ಈ ಚಿಂತೆಯಿಲ್ಲ.

ನಮ್ಮ ಊರಿನಲ್ಲಿ ಯಾವ ನೀರು ಎಂಬುದೂ ಪ್ರಶ್ನೆಯೇ. ಕಾವೇರಿ ನೀರಿನ ಕ್ಲೋರಿನ್ ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಬಹುತೇಕ ಕೊಳವೆಬಾವಿಯ ನೀರು ಗಡಸು. ಲೋಟದ ಅಂಚಿನಲ್ಲಿ ಬಿಳಿಯ ಗೆರೆ ಕಟ್ಟುವುದೇ ಅದರ ಗುರುತು. ಆರ್‌ಒ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕಿದರೆ ಉಳಿತಾಯವೆಂದು ಭಾವಿಸುವವರಿದ್ದಾರೆ. ಕುಡಿಯುವ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಅದರಲ್ಲೇ ಇರುವುದರಿಂದ ಅದು ನೆಲ ಒರೆಸಲು ಸರಿ, ಬೇರಿಲ್ಲದ ಕಡ್ಡಿಗೆ ಸಲ್ಲದು. ಅದರ ಬದಲು ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಡಬಹುದು, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ನಿಷೇಧಿಸಿ ಐದು ಸಾವಿರ ರೂಪಾಯಿ ದಂಡ ಗೊತ್ತುಪಡಿಸಿದಾಗ ನಮ್ಮ ಮನೆಯ ಕಡ್ಡಿಗಳೆಲ್ಲ ಎಸಿ ನೀರಿನಲ್ಲೇ ಬದುಕಿದವು.

ಸೊಳ್ಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗೂ ಸುತ್ತಲೂ ನಿಂತ ಇಂಥ ತಿಳಿನೀರಿನಲ್ಲೇ, ಮತ್ತು ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ವಿಧಿಸಲು ಅವಕಾಶ ಮಾಡಿತು. ಮೂರು ದಿನಕ್ಕೊಮ್ಮೆ ನೀರು ಬದಲಿಸಿ ಲೋಟದ ಒಳಗೋಡೆಯನ್ನು ಉಜ್ಜಿ ತೊಳೆಯುವಷ್ಟು ವ್ಯವಧಾನ ಇಲ್ಲದವರು ನೀರಿನ ದಾರಿ ಹಿಡಿಯದಿರುವುದೇ ಲೇಸು.

ಮರಳು

ಗಟ್ಟಿ ಕಡ್ಡಿಗಳಿಗೆ ಹಳೆಯ ತೋಟಗಾರರು ನೆಚ್ಚಿದ್ದು ಮರಳನ್ನು. ಅದರ ಕಣಗಳ ನಡುವೆ ನೀರು ನಿಲ್ಲದೆ ಇಳಿದುಹೋಗಿ ಗಾಳಿ ತುಂಬಿಕೊಳ್ಳುವುದರಿಂದ ಬುಡ ಕೊಳೆಯುವುದು ಕಡಿಮೆ. ಪನ್ನೀರು ಗುಲಾಬಿ, ಬೋಗನ್‌ವಿಲ್ಲಾ, ಅಂಜೂರ, ದಾಳಿಂಬೆ, ಅಕ್ಟೋಬರ್ ಚಾಟನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ಉಳಿದ ದ್ರಾಕ್ಷಿಯ ಕಡ್ಡಿ ಇವುಗಳಿಗೆ ಇಂದಿಗೂ ಮರಳೇ ನನ್ನ ಆಯ್ಕೆ. ಪೆನ್ಸಿಲಿನಷ್ಟು ದಪ್ಪದ, ಮೂರು ನಾಲ್ಕು ಕಣ್ಣುಗಳಿರುವ ಕಡ್ಡಿಯನ್ನು ಎರಡು ಕಣ್ಣು ಒಳಗೆ ಹೋಗುವಂತೆ ಚುಚ್ಚಿ ಆರರಿಂದ ಎಂಟು ವಾರ ಕಾಯುವ ತಾಳ್ಮೆ ಬೇಕು. ಮೇಲೆ ಚಿಗುರು ಬಂದಿತೆಂದು ಕಿತ್ತು ನೋಡುವುದು ಎಲ್ಲರೂ ಮಾಡುವ ತಪ್ಪು. ಕಡ್ಡಿ ತನ್ನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದಲೇ ಮೊದಲ ಎಲೆಗಳನ್ನು ಬಿಡಬಲ್ಲದು, ಕೆಳಗೆ ಒಂದು ಬೇರೂ ಇರದೆ.

ಬೆಂಗಳೂರಿನಲ್ಲಿ ಈಗ ಕೈಗೆ ಸುಲಭವಾಗಿ ಸಿಗುವುದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಪಕ್ಕದ ಕಟ್ಟಡದ ಕೆಲಸದವರಲ್ಲಿ ಕೇಳಿದರೆ ಒಂದು ಬಕೆಟ್ ಕೊಡುತ್ತಾರೆ. ಅದರಲ್ಲಿರುವ ನುಣ್ಣನೆಯ ಕಲ್ಲಿನ ಹುಡಿ ಒದ್ದೆಯಾದರೆ ಸಿಮೆಂಟಿನಂತೆ ಕಚ್ಚಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುವುದರಿಂದ, ಅಡುಗೆಮನೆಯ ಹಳೆಯ ಜರಡಿಯಲ್ಲಿ ಸೋಸಿ, ತೊಳೆದ ನೀರು ತಿಳಿಯಾಗುವವರೆಗೆ ಐದಾರು ಬಾರಿ ತೊಳೆದು, ಕೊನೆಗೆ ಕುದಿಯುವ ನೀರು ಸುರಿದು ಆರಿಸಿಕೊಳ್ಳಬೇಕು. ಮರಳಿನ ಕೊರತೆಯೆಂದರೆ ಅದು ಬೇಗ ಒಣಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಟ್ರಾಫಿಕ್ಕಿನಲ್ಲಿ ಸಿಲುಕಿ ರಾತ್ರಿ ಎಂಟಕ್ಕೆ ಮರಳುವವರ ಮನೆಯಲ್ಲಿ, ಮಾರ್ಚ್ ಏಪ್ರಿಲ್‌ನ ಒಣಗಾಳಿಯಲ್ಲಿ, ಮುಚ್ಚಳವಿಲ್ಲದ ಮರಳಿನ ಕುಂಡ ಮಧ್ಯಾಹ್ನದೊಳಗೇ ಒಣಗಿರುತ್ತದೆ. ಭಾರವೂ ಹೌದು, ಗ್ರಿಲ್ಲಿನ ಮೇಲೆ ಸಾಲಾಗಿ ಇಡುವ ಮುನ್ನ ಯೋಚಿಸಬೇಕು.

ತೆಂಗಿನ ನಾರಿನ ಪುಡಿ

ಒಂದೇ ಒಂದು ದಾರಿ ಹೇಳಿ ಎಂದರೆ ನಾನು ಹೇಳುವುದು ಇದನ್ನು. 650 ಗ್ರಾಂ ತೂಕದ ಒಂದು ಇಟ್ಟಿಗೆ ನೀರು ಕುಡಿದು ಎಂಟು ಒಂಬತ್ತು ಲೀಟರಿನಷ್ಟು ಪುಡಿಯಾಗುತ್ತದೆ. ಒಂದು ಸಂಸಾರದ ವರ್ಷದ ಕಡ್ಡಿಗಳಿಗೆ ಅದು ಧಾರಾಳ. ತೇವವನ್ನು ಸ್ಪಂಜಿನಂತೆ ಹಿಡಿದೂ ನಾರಿನ ನಡುವೆ ಗಾಳಿಗೆ ಜಾಗ ಬಿಡುವ ಗುಣ ಇದಕ್ಕೆ ಹುಟ್ಟಿನಿಂದ ಬಂದದ್ದು. ಇದರಲ್ಲಿ ಹುಟ್ಟಿದ ಬೇರಿಗೆ ರೋಮಗಳೂ ಕವಲುಗಳೂ ಇರುತ್ತವೆ, ಕುಂಡಕ್ಕೆ ಸಾಗಿಸುವಾಗ ಬೇರಿನ ಸುತ್ತಲಿನ ಪುಡಿಯೂ ಜೊತೆಗೇ ಹೋಗುವುದರಿಂದ ಗಿಡಕ್ಕೆ ಮನೆ ಬದಲಾದದ್ದೇ ತಿಳಿಯುವುದಿಲ್ಲ. ಮೊದಲೇ ಹೇಳಿದ ಹದಿನೈದು ದಿನದ ಪರೀಕ್ಷೆಯಲ್ಲಿ ಇದು ಗೆಲ್ಲುವುದು ಈ ಕಾರಣಕ್ಕೆ.

ಆದರೆ ಇಟ್ಟಿಗೆಯನ್ನು ನೆನೆಸಿ ನೇರವಾಗಿ ಬಳಸುವಂತಿಲ್ಲ. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳಿರುತ್ತವೆ, ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಕೇಳುವುದೇ ಬೇಡ. ಬಕೆಟ್ಟಿನಲ್ಲಿ ನೆನೆಸಿ, ಹಳೆಯ ಪಂಚೆಯಲ್ಲಿ ಕಟ್ಟಿ ಹಿಂಡಿದಾಗ ಮೊದಲ ಸಲ ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು ಬರುತ್ತದೆ. ಅದು ತೆಳು ಚಹಾದ ಬಣ್ಣಕ್ಕೆ ಇಳಿಯುವವರೆಗೆ ಮೂರು ನಾಲ್ಕು ಬಾರಿ ತೊಳೆಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಾರಿನ ಪುಡಿಯನ್ನು ಹುದುಗಿಸಿ ಹದಗೊಳಿಸುವ ವಿಧಾನವೊಂದನ್ನು ರೂಪಿಸಿದೆ. ಅರ್ಕಾ ಹೆಸರಿನ ಆ ಪುಡಿ ಸಿಕ್ಕರೆ ಈ ಶ್ರಮ ಉಳಿಯುತ್ತದೆ. ತೊಳೆದ ಪುಡಿ ಎರಡು ಪಾಲಿಗೆ ಪರ್ಲೈಟ್ ಎಂಬ, ಕಾಯಿಸಿ ಉಬ್ಬಿಸಿದ ಹಗುರ ಬಿಳಿಯ ಕಲ್ಲಿನ ಹರಳು ಒಂದು ಪಾಲು ಬೆರೆಸಿದರೆ ಸಾಕು. ಪರ್ಲೈಟ್ ತುಟ್ಟಿಯೆನಿಸಿದರೆ ಭತ್ತದ ಹೊಟ್ಟನ್ನು ಪೂರ್ತಿ ಬೂದಿಯಾಗದಂತೆ ಕರಿಯಾಗಿ ಸುಟ್ಟು ತೊಳೆದು ಬೆರೆಸಬಹುದು, ಕೆಲಸ ಅದೇ.

ಹದ ನೋಡುವುದು ಮುದ್ದೆಯ ಹದ ನೋಡಿದಂತೆ ಕೈಗೆ ಬರಬೇಕಾದ ವಿದ್ಯೆ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದರೆ ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಉದುರಬೇಕು. ಧಾರೆ ಇಳಿದರೆ ಅದು ಹೆಚ್ಚು, ಹನಿಯೇ ಬರದಿದ್ದರೆ ಕಡಿಮೆ. ದಿನವೂ ಗಿಡಕ್ಕೆ ನೀರು ಹಾಕದಿದ್ದರೆ ಮನಸ್ಸು ತಡೆಯದು ಎನ್ನುವ ಹಿರಿಯರು ಮನೆಯಲ್ಲಿದ್ದರೆ, ಮತ್ತು ಅವರನ್ನು ಬೇಡವೆನ್ನುವ ಧೈರ್ಯ ನಿಮಗಿಲ್ಲದಿದ್ದರೆ, ಮರಳೇ ಹೆಚ್ಚು ಕ್ಷೇಮ; ಅತಿಯಾದ ನೀರನ್ನು ಮರಳು ಕ್ಷಮಿಸುತ್ತದೆ, ನಾರಿನ ಪುಡಿ ಕ್ಷಮಿಸುವುದಿಲ್ಲ.

ಯಂತ್ರ

ಮುಚ್ಚಿದ ಡಬ್ಬಿಯೊಳಗೆ ಕಡ್ಡಿಗಳನ್ನು ತೂಗುಬಿಟ್ಟು, ಪಂಪಿನಿಂದ ಬುಡಕ್ಕೆ ನೀರಿನ ತುಂತುರು ಹಾಯಿಸುವ ಯಂತ್ರ ಮೆತ್ತನೆಯ ಕಾಂಡಗಳಿಗೆ ಬಹಳ ವೇಗವಾಗಿ ಬೇರು ಬರಿಸುತ್ತದೆ, ಸಂಶಯವಿಲ್ಲ. ಇದರ ವಿಡಿಯೊಗಳಲ್ಲಿ ಹಲವು ಗಾಂಜಾ ಬೆಳೆಯಲು ಕಾನೂನಿನ ಅನುಮತಿಯಿರುವ ದೇಶಗಳಿಂದ ಬಂದವು. ನಮ್ಮಲ್ಲಿ ಪರವಾನಗಿಯಿಲ್ಲದೆ ಆ ಗಿಡವನ್ನು ಬೆಳೆಯುವುದು 1985ರ ಮಾದಕ ವಸ್ತು ಕಾಯ್ದೆಯಡಿ ಜೈಲು ಶಿಕ್ಷೆಯ ಅಪರಾಧವಾದ್ದರಿಂದ, ಆ ವಿಡಿಯೊ ನೋಡಿ ಮರುಳಾಗುವವರು ಯಂತ್ರವನ್ನಷ್ಟೇ ಗಮನಿಸಿ ಗಿಡವನ್ನು ಅಲ್ಲಿಯೇ ಬಿಡಬೇಕು. ಯಂತ್ರದ ವಿಷಯದಲ್ಲೂ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಏಪ್ರಿಲ್‌ನಲ್ಲಿ ಪಂಪಿನ ಬಿಸಿಯೂ ಸೇರಿ ನೀರು ಬೆಚ್ಚಗಾಗಿ ಬುಡ ಲೋಳೆಗಟ್ಟುತ್ತದೆ, ಎರಡು ಗಂಟೆ ಕರೆಂಟು ಹೋದರೆ ಗಾಳಿಯಲ್ಲಿ ತೂಗುತ್ತಿರುವ ಬೇರು ಒಣಗುತ್ತದೆ, ರಾತ್ರಿಯಿಡೀ ಗುಂಯ್‌ಗುಡುವ ಸದ್ದು ಬೇರೆ. ತಿಂಗಳಿಗೆ ನೂರಾರು ಸಸಿ ಮಾಡಿ ಮಾರುವವರಿಗೆ ಇದು ಇರಲಿ.

ಆಯ್ಕೆ ಯಾವುದಾದರೂ ತಪ್ಪದ ಕೆಲಸಗಳು

ಬೇರಿಲ್ಲದ ಕಡ್ಡಿಯ ಸುತ್ತ ಗಾಳಿಯಲ್ಲಿ ತೇವವಿರಬೇಕು. ಎರಡು ಲೀಟರಿನ ಪೆಟ್ ಬಾಟಲಿಯ ತಳ ಕತ್ತರಿಸಿ ಕುಂಡದ ಮೇಲೆ ಕವುಚಿದರೆ ಸಾಕು. ತೇವ ಹೆಚ್ಚಾಗಿ ಒಳಗೆ ಹನಿ ಕಟ್ಟಿದಾಗ ಮುಚ್ಚಳ ತಿರುಗಿಸಿ ತೆಗೆಯಬಹುದೆಂಬುದು ಇದರ ಜಾಣ್ಮೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಗಾಳಿಯೇ ಸಾಕಷ್ಟು ತೇವವಾಗಿರುವುದರಿಂದ ಬಹುಪಾಲು ಗಿಡಗಳಿಗೆ ಈ ಮುಚ್ಚಿಗೆಯೂ ಬೇಡ. ಕಳ್ಳಿ, ದೇವಕಣಗಿಲೆ, ಜೇಡ್ ಗಿಡಗಳಿಗಂತೂ ಯಾವ ಕಾಲದಲ್ಲೂ ಮುಚ್ಚಬಾರದು. ಅವುಗಳ ಗಾಯವನ್ನು ನೆರಳಿನಲ್ಲಿ ಹಲವು ದಿನ ಆರಿಸಿಯೇ ನೆಡಬೇಕು.

ಬೆಳಕಿಗೆ ಪೂರ್ವದ ಕಿಟಕಿ ಉತ್ತಮ, ನೇರ ಬಿಸಿಲು ಬೇಡ. ಎದುರಿನ ಕಟ್ಟಡ ಬೆಳಕನ್ನೆಲ್ಲ ನುಂಗಿರುವ ಮನೆಗಳಲ್ಲಿ ಇಪ್ಪತ್ತು ವಾಟ್‌ನ ಸಾಮಾನ್ಯ ಬಿಳಿಯ ಎಲ್‌ಇಡಿ ಟ್ಯೂಬನ್ನು ಕಡ್ಡಿಗಳ ಒಂದಡಿ ಮೇಲೆ ಕಟ್ಟಿ ದಿನಕ್ಕೆ ಹದಿನಾಲ್ಕು ಗಂಟೆ ಉರಿಸಬಹುದು. ತಿಂಗಳಿಗೆ ಎಂಟೂವರೆ ಯೂನಿಟ್ಟಿನೊಳಗೆ ಮುಗಿಯುತ್ತದೆ. ನೇರಳೆ ಬಣ್ಣದ ದುಬಾರಿ ದೀಪ ಅನಗತ್ಯ.

ಬೇರಿನ ಹಾರ್ಮೋನ್ ಪುಡಿಯ ಬಗ್ಗೆ ಗೊಂದಲ ಬಹಳ. ಅದರಲ್ಲಿರುವ ಐಬಿಎ ಎಂಬ ರಾಸಾಯನಿಕ ಬೇರು ಬರಿಸುತ್ತದೆಂಬುದು 1930ರ ದಶಕದಿಂದ ತಿಳಿದ ಸಂಗತಿ, ಮತ್ತು ಬೋಗನ್‌ವಿಲ್ಲಾದಂಥ ಗಟ್ಟಿ ಕಡ್ಡಿಗಳಿಗೆ ಅದು ನಿಜಕ್ಕೂ ವ್ಯತ್ಯಾಸ ಮಾಡುತ್ತದೆ. ಪುದೀನ, ದೊಡ್ಡಪತ್ರೆಗೆ ಹಚ್ಚುವುದು ದಂಡ. ದಾಲ್ಚಿನ್ನಿ ಪುಡಿ ಹಚ್ಚಿದರೆ ಶಿಲೀಂಧ್ರಕ್ಕೆ ಅಷ್ಟಿಷ್ಟು ತಡೆಯಾಗಬಹುದೇ ಹೊರತು ಅದು ಹಾರ್ಮೋನ್ ಅಲ್ಲ. ಜೇನುತುಪ್ಪ ಹಚ್ಚಿದಲ್ಲಿ ನಮ್ಮ ಮನೆಯಲ್ಲಿ ಬಂದದ್ದು ಇರುವೆ.

ಕೆಲವು ಗಿಡಗಳು ಕಡ್ಡಿಯ ದಾರಿಗೇ ಒಗ್ಗುವುದಿಲ್ಲ. ಹೂವಿನಂಗಡಿಯ ಉದ್ದ ಕಾಂಡದ ಡಚ್ ಗುಲಾಬಿಯನ್ನು ತಂದು ಬೇರು ಬರಿಸಲು ಹೊರಡುವವರು ಪ್ರತಿ ವರ್ಷ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಮುಗಿದ ವಾರ ಹೆಚ್ಚಾಗುತ್ತಾರೆ. ಅಂಥ ತಳಿಗಳನ್ನು ಸಾಮಾನ್ಯವಾಗಿ ಬೇರೆ ಗುಲಾಬಿಯ ಬೇರುಗಿಡದ ಮೇಲೆ ಕಣ್ಣು ಕಸಿ ಮಾಡಿಯೇ ಬೆಳೆಸುತ್ತಾರೆ. ಕರಿಬೇವಿನ ಕಡ್ಡಿಯ ಹಿಂದೆ ಬೀಳುವ ಬದಲು ದೊಡ್ಡ ಗಿಡದ ಬುಡದಲ್ಲಿ ಏಳುವ ಮರಿಯನ್ನು ಬೇರುಸಹಿತ ಅಗೆದು ತರುವುದು ಸುಲಭ. ಸಂಪಿಗೆಯನ್ನು ಬೀಜದಿಂದಲೋ ಕಸಿಯಿಂದಲೋ ಬೆಳೆಸುವುದು ವಾಡಿಕೆ. ಇದಕ್ಕೆ ತದ್ವಿರುದ್ಧವಾಗಿ, ಕಿತ್ತಳೆ ಬಣ್ಣದ ಡೆಲ್ಲಿ ಕನಕಾಂಬರ ತ್ರಿಗುಣಿತ (ಕೋಶದಲ್ಲಿ ಪ್ರತಿ ವರ್ಣತಂತುವೂ ಎರಡರ ಬದಲು ಮೂರಿರುವ) ತಳಿಯಾದ್ದರಿಂದ ಬೀಜವನ್ನೇ ಕಟ್ಟುವುದಿಲ್ಲ, ಕಡ್ಡಿಯೊಂದೇ ಅದರ ವಂಶ ಮುಂದುವರಿಯುವ ದಾರಿ. ನಾರಿನ ಪುಡಿಯಲ್ಲಿ ಎಂಟು ಹತ್ತು ಸೆಂಟಿಮೀಟರಿನ ಕುಡಿ ನೆಟ್ಟರೆ ಚೆನ್ನಾಗಿ ಬರುತ್ತದೆ.

ಅಜ್ಜಿಯ ಮನೆಯಿಂದ ಬಂದ ಒಂದೇ ಒಂದು ದಾಸವಾಳ, ಸತ್ತರೆ ಮತ್ತೆ ಸಿಗದು ಎನ್ನುವಂಥ ಗಿಡವಾದರೆ ಕತ್ತರಿಸುವ ಗೊಡವೆಗೇ ಹೋಗಬಾರದು. ಗೂಟಿ ಕಟ್ಟಬೇಕು: ಕೊಂಬೆಯ ತೊಗಟೆಯನ್ನು ಉಂಗುರದಂತೆ ಒಂದಂಗುಲ ಸುಲಿದು, ತೇವದ ನಾರಿನ ಪುಡಿಯನ್ನು ಸುತ್ತಲೂ ಒತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿಯನ್ನು ಬಿಗಿದು, ಬೆಳಕು ತಾಗದಂತೆ ಹೊರಗೆ ಬೆಳ್ಳಿ ಬಣ್ಣದ ಹಾಳೆ ಹೊದಿಸಬೇಕು. ಕೊಂಬೆ ತಾಯಿಯಿಂದಲೇ ನೀರು ಕುಡಿಯುತ್ತಿರುವುದರಿಂದ ಬೇರು ಬರದಿದ್ದರೂ ಕಳೆದುಕೊಳ್ಳುವುದು ಒಂದು ಕೊಂಬೆಯನ್ನಷ್ಟೇ.

ನಾರಿನ ಪುಡಿಯಲ್ಲೋ ಮರಳಿನಲ್ಲೋ ನೆಟ್ಟ ಕಡ್ಡಿಗೆ ಬೇರು ಬಂದಿದೆಯೇ ಎಂದು ತಿಳಿಯಲು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ, ಮಗುವಿನ ಅಂಗಿಯ ತುದಿ ಎಳೆದಷ್ಟು ಮೆಲ್ಲಗೆ, ಎಳೆದು ನೋಡುತ್ತೇನೆ. ಸಡಿಲವಾಗಿ ಬಂದರೆ ಮತ್ತೆ ಒತ್ತಿ ಹತ್ತು ದಿನ ಮರೆಯುತ್ತೇನೆ. ಕಚ್ಚಿ ಹಿಡಿದರೆ ಆ ದಿನದಿಂದ ಬಾಟಲಿಯ ಮುಚ್ಚಳ ತೆಗೆದಿಟ್ಟು, ನಾಲ್ಕನೆಯ ದಿನ ರಾತ್ರಿ ಹೊತ್ತು ಬಾಟಲಿಯನ್ನೇ ಎತ್ತಿಟ್ಟು, ವಾರ ಕಳೆದ ಮೇಲೆ ಪೂರ್ತಿ ತೆಗೆದು ಆಮೇಲೆ ಕುಂಡಕ್ಕೆ ಸಾಗಿಸುತ್ತೇನೆ. ಐಸ್‌ಕ್ರೀಮ್ ಕಡ್ಡಿಯ ಮೇಲೆ ನೆಟ್ಟ ದಿನವನ್ನು ಪೆನ್ಸಿಲಿನಲ್ಲಿ ಬರೆದು ಪಕ್ಕದಲ್ಲಿ ಚುಚ್ಚಿರಬೇಕು. ಪೆನ್ನಿನ ಶಾಯಿ ಎರಡನೆಯ ವಾರಕ್ಕೇ ಅಳಿಸಿಹೋಗುತ್ತದೆ.